ಭಂಡಿಗಡಿ ಬೂತಪ್ಪನ ಲಿವರ್

ಕಾಮಾಲೆಗೆ ಔಷಧಿ ಕೊಡುವ ಬೂತಪ್ಪನಿಗೇ ಕಣ್ಣು ಹಳದಿಯಾಯಿತು. ಇದು ಭಂಡಿಗಡಿಯಲ್ಲಿ ಗೊತ್ತಾದರೆ ಮೂರು ತಲೆಮಾರಿನ ಮರ್ಯಾದೆ ಮಣ್ಣುಪಾಲು. ಅಜ್ಜನ ಕಾಲದಿಂದ ಪ್ರತಿ ಭಾನುವಾರ ಅವನ ಮನೆ ಜಗಲಿಯಲ್ಲಿ ಬೇರು ಅರೆದು ಪುಕ್ಕಟೆ ಕುಡಿಸುತ್ತಿದ್ದರು. ಗುಟ್ಟಾಗಿ ಅದನ್ನೇ ಒಂದು ತಿಂಗಳು ಕುಡಿದ. ಕಣ್ಣು ಇನ್ನಷ್ಟು ಹಳದಿಯಾಯಿತು.

ಹೆಂಡತಿ ಜಲಜಮ್ಮ ಊಟ ಬಿಟ್ಟು ಕೂತ ಮೇಲೆ ಬೂತಪ್ಪ ಬಗ್ಗಿದ. ಕೊಪ್ಪದಲ್ಲಿ ಎಲ್ಲರೂ ಗುರುತಿನವರು. ಹಾಗಾಗಿ ನರಸಿಂಹರಾಜಪುರದ ಒಂದು ಆಸ್ಪತ್ರೆಗೆ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟು ಬಂದ. ಇವತ್ತು ಸ್ಕ್ಯಾನು, ರಿಪೋರ್ಟು ಎರಡೂ.

ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸು ಹತ್ತಿದರೆ ಪಕ್ಕದಲ್ಲೇ ಪುಟ್ಟಪ್ಪ. ಹೋದ ವರ್ಷ ಬೂತಪ್ಪನ ಬೇರಿನಿಂದಲೇ ಬದುಕಿದೆನೆಂದು ಊರೆಲ್ಲ ಹೇಳಿಕೊಂಡು ಬಂದಿದ್ದ ಆಸಾಮಿ.

"ಎಲ್ಲಿಗೆ ಹೊರಟ್ರಿ ಬೂತಪ್ಪಣ್ಣ, ಕನ್ನಡಕ ಎಲ್ಲ ಹಾಕ್ಕೊಂಡು?"

"ಕಣ್ಣಿಗೆ ಧೂಳು ಮಾರಾಯ. ನೀನು?"

"ಬ್ಯಾಂಕಲ್ಲಿ ಸ್ವಲ್ಪ ಕೆಲ್ಸ."

ಬಸ್ಸಿಳಿದ ಬೂತಪ್ಪ ಪೇಟೆಯನ್ನು ಒಂದು ಸುತ್ತು ಹಾಕಿ ಆಸ್ಪತ್ರೆಯ ಹಿಂಬಾಗಿಲಿನಿಂದ ನುಗ್ಗಿದ. ಬೆಂಚಿನ ಮೇಲೆ ಪುಟ್ಟಪ್ಪ ಕೂತಿದ್ದ. ಅವನ ಪಕ್ಕ ಅದೇ ಊರಿನ ರಾಧಮ್ಮ, ಆಚೆ ಇನ್ನೂ ನಾಲ್ಕು ಜನ. ಎಲ್ಲರೂ ಬೂತಪ್ಪ ಗುಣಪಡಿಸಿದವರೇ. ಮೇಷ್ಟ್ರನ್ನು ಕಂಡ ಮಕ್ಕಳಂತೆ ಎದ್ದು ನಿಂತರು.

"ನಮ್ಮನ್ನ ಹಿಡಿಯಕ್ಕೆ ಇಲ್ಲಿ ತನಕ ಬಂದ್ರಾ?" ಎಂದ ಪುಟ್ಟಪ್ಪ.

ರಾಧಮ್ಮ ಅಳುವುದೊಂದು ಬಾಕಿ. "ಬೇಜಾರ್ ಮಾಡ್ಕಬೇಡಿ. ನಿಮ್ ಬೇರೂ ಕುಡೀತಿದ್ವಿ, ಇಲ್ಲಿ ಮಾತ್ರೆನೂ ತಗೋತಿದ್ವಿ. ಹೇಳಿದ್ರೆ ನಿಮಗೆ ನೋವಾಗ್ತದೆ ಅಂತ ಸುಮ್ನಿದ್ವಿ."

ಹೌದು, ಹಿಡಿಯಲೆಂದೇ ಬಂದೆ ಎಂದು ಗದರಿಸಿ ಮನೆಗೆ ಹೋದರೆ ಮರ್ಯಾದೆ ಉಳಿಯುತ್ತಿತ್ತು. ಹೋಗಲೆಂದು ತಿರುಗಿಯೂ ಇದ್ದ. ಅಷ್ಟರಲ್ಲಿ ನರ್ಸಮ್ಮ ಕೂಗಿದರು: "ಭಂಡಿಗಡಿ ಬೂತಪ್ಪ, ಲಿವರ್ ಸ್ಕ್ಯಾನ್."

ಬೂತಪ್ಪನಿಗೆ ಜಲಜಮ್ಮನ ಮುಖ ನೆನಪಾಯಿತು. ಕನ್ನಡಕ ತೆಗೆದ. ಯಾರೂ ನಗಲಿಲ್ಲ. ರಾಧಮ್ಮ ದಾರಿ ಬಿಟ್ಟು, "ನೋವಾಗಲ್ಲ, ಹೋಗಿ ಬನ್ನಿ," ಎಂದಳು.

ನಿಜಕ್ಕೂ ನೋವಾಗಲಿಲ್ಲ. ಪಕ್ಕೆಗೆ ತಣ್ಣನೆಯ ಜೆಲ್ ಹಚ್ಚಿದರು, ಬಾಗಿಲು ತಟ್ಟಿದಂತೆ ಮೆಲ್ಲಗೆ ತಟ್ಟಿತು ಯಂತ್ರ, ಅಷ್ಟೆ.

"ವೈರಸ್ಸಿಂದ ಲಿವರ್ ಸ್ವಲ್ಪ ಗಟ್ಟಿಯಾಗಿದೆ, ಕೆಟ್ಟಿಲ್ಲ," ಎಂದರು ಡಾಕ್ಟರ್ ಶ್ರೀರಂಜನಿ. "ಮೊದಲೆಲ್ಲ ಇದನ್ನ ನೋಡೋಕೆ ಸೂಜಿ ಚುಚ್ಚಿ ಚೂರು ತೆಗೀಬೇಕಿತ್ತು. ಒಳ್ಳೇ ಔಷಧಿನೂ ಇರಲಿಲ್ಲ. ಈಗ ಮೂರು ತಿಂಗಳು ಮಾತ್ರೆ ತಗೊಂಡ್ರೆ ಹೆಚ್ಚು ಕಡಿಮೆ ಎಲ್ಲರಿಗೂ ಪೂರ್ತಿ ಗುಣ ಆಗುತ್ತೆ."

 ಬೂತಪ್ಪ ಕೈಮುಗಿದು ಹೊರಗೆ ಬಂದವನೇ ಬೆಂಚಿನ ಮುಂದೆ ನಿಂತು ಹೇಳಿದ: "ಇನ್ನು ನಮ್ಮ ಜಗಲೀಲಿ ಔಷಧಿ ಇಲ್ಲ. ಕಣ್ಣು ಹಳದಿ ಆದ್ರೆ ಸೀದಾ ಇಲ್ಲಿಗೇ ಬನ್ನಿ. ನನ್ನ ಉಳಿಸಿದ್ದು ಈ ತಾಯಿ." ಹೇಳಿ ಮುಗಿಸಿದಾಗ ಮೈ ಹಗುರವಾಗಿತ್ತು.

ಡಾಕ್ಟರು ಅವನನ್ನು ಮತ್ತೆ ಒಳಗೆ ಕರೆದು ಬಾಗಿಲು ಹಾಕಿದರು. "ಬೂತಪ್ಪನವರೇ, ಒಂದು ಉಪಕಾರ ಆಗಬೇಕು. ನಮ್ಮಮ್ಮನಿಗೂ ಇದೇ ಕಾಯಿಲೆ. ನಾನು ಕೊಟ್ಟ ಮಾತ್ರೆ ಹೂವಿನ ಕುಂಡಕ್ಕೆ ಹಾಕ್ತಾರೆ. ಭಂಡಿಗಡಿ ಔಷಧಿ ಬಿಟ್ಟು ಬೇರೆ ನಂಬಲ್ಲ. ಭಾನುವಾರ ಕಳಿಸ್ತೀನಿ. ಬೇರು ಬೇಡ, ಇದೇ ಮಾತ್ರೆನ ನಿಮ್ಮದು ಅಂತ ಕೊಡಿ. ಯಾರ ಹತ್ರನೂ ಬಾಯಿ ಬಿಡಬೇಡಿ. ಅಮ್ಮನ ಕಿವಿಗೆ ಬಿದ್ರೆ ಮುಗೀತು."

ಜೀವ ಉಳಿಸಿದವರಿಗೆ ಇಲ್ಲವೆನ್ನುವುದು ಹೇಗೆ? ಬೂತಪ್ಪ ದೇವರಾಣೆ ಇಟ್ಟು ಮಾತು ಕೊಟ್ಟು, ಮಾತ್ರೆಯ ಪೊಟ್ಟಣ ಚೀಲಕ್ಕೆ ಸೇರಿಸಿ ಹೊರಟ. ಬಾಗಿಲ ತನಕವೂ ಹೋಗಿರಲಿಲ್ಲ, ಹಿಂದಿನಿಂದ ನರ್ಸಮ್ಮನ ದನಿ ಕೇಳಿಸಿತು.

"ಬೂತಪ್ಪನವ್ರೇ, ಡಾಕ್ಟ್ರ ಅಮ್ಮ ಫೋನಲ್ಲಿದಾರೆ. ಭಾನುವಾರ ಔಷಧಿಗೆ ಎಷ್ಟೊತ್ತಿಗೆ ಬರಬೇಕಂತೆ?"

ಬೆಂಚಿನ ಮೇಲಿದ್ದವರೆಲ್ಲ ಇತ್ತ ತಿರುಗಿದರು. ಆರು ಜೋಡಿ ಕಣ್ಣು ಅವನ ಮೇಲೆ. ಬೂತಪ್ಪ ಬಾಯಿ ತೆರೆದ, ಆಣೆ ನೆನಪಾಗಿ ಮುಚ್ಚಿದ.

"ಏಳು ಗಂಟೆಗೆ," ಎಂದ ಮೆಲ್ಲಗೆ.

ಪುಟ್ಟಪ್ಪ ಹತ್ತಿರ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ಡಾಕ್ಟ್ರ ಅಮ್ಮನೇ ನಿಮ್ಮಲ್ಲಿಗೆ ಬರ್ತಾರೆ ಅಂದ್ರೆ ನಾವು ಇಲ್ಲಿ ಎಂತಕ್ಕೆ ಕೂತಿದೀವಿ ಮಾರಾಯ್ರೆ? ನಾವೂ ಏಳು ಗಂಟೆಗೇ ಬರ್ತೀವಿ. ಹೆಂಡ್ತಿ ಕಡೆಯವ್ರನ್ನೂ ಕರ್ಕೊಂಡು."