ತಟಸ್ಥನಾಗುವ ಕಷ್ಟ

ಹೌದು ಅನ್ನುವುದಕ್ಕೆ ಧೈರ್ಯ ಬೇಕು, ಇಲ್ಲ ಅನ್ನುವುದಕ್ಕೆ ಅದರ ಎರಡರಷ್ಟು ಬೇಕು. ಎರಡೂ ಇಲ್ಲದವರಿಗಾಗಿಯೇ ಲೋಕಸಭೆಯಲ್ಲಿ ಹಳದಿ ಗುಂಡಿ ಇಟ್ಟಿದ್ದಾರೆಂಬುದು ನನ್ನ ಬಲವಾದ ಅನುಮಾನ. ಹಸಿರು ಒತ್ತಿದರೆ ಪರ, ಕೆಂಪು ಒತ್ತಿದರೆ ವಿರೋಧ, ಹಳದಿ ಒತ್ತಿದರೆ 'ನಾನು ಬಂದಿದ್ದೇನೆ, ಆದರೆ ನನ್ನನ್ನು ಏನೂ ಕೇಳಬೇಡಿ' ಎಂದರ್ಥ. ತೊಂಬತ್ತರ ದಶಕದ ಕೊನೆಯಲ್ಲಿ ದೆಹಲಿಯ ಸರ್ಕಾರಗಳು ಹಬ್ಬಕ್ಕೊಂದರಂತೆ ಬೀಳುತ್ತಿದ್ದವು, ವಿಶ್ವಾಸಮತವನ್ನು ಟೀವಿಯಲ್ಲೇ ತೋರಿಸುತ್ತಿದ್ದರು. ಟಿ. ನರಸೀಪುರದಿಂದ ಮೂಗೂರಿಗೆ ಹೋಗುವ ದಾರಿಯ ನಮ್ಮೂರಿನಲ್ಲಿ ನನ್ನದೊಂದು ಪೇಪರು, ಪುಸ್ತಕದ ಅಂಗಡಿ. ಅಂಗಡಿಯ ಟೀವಿಯ ಮುಂದೆ ಜನ ಸೇರಿದರೆ ವಿವರಣೆ ಕೊಡುವ ಹೊಣೆ ನನ್ನದು. ಗುಂಡಿಯ ಸಹವಾಸವೇ ಬೇಡವೆಂದು ಕೆಲವು ಸದಸ್ಯರು ತತ್ತ್ವದ ಮಾತಾಡಿ ಎದ್ದು ಹೊರಟುಬಿಡುತ್ತಾರೆ, ಕೆಲವರಿಗೆ ಅವತ್ತೇ ಎದೆನೋವು ಬರುತ್ತದೆ, ಇನ್ನು ಕೆಲವರು ಕೂತಲ್ಲೇ ಕೂತು ಸೂರು ನೋಡುತ್ತಾರೆ. ಸಂಜೆಗೆ ಎರಡೂ ಕಡೆಯವರ ಜೊತೆ ಟೀ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಾವು ಬಿಸಿಲಲ್ಲಿ ಸಾಲು ನಿಂತು ಮುದ್ರೆ ಒತ್ತಿ ಬರಲ್ವೇನ್ರಯ್ಯ? ತಂಪಾಗಿ ಕೂತು ಒಂದು ಗುಂಡಿ ಒತ್ತೋಕೆ ಇವರಿಗೇನು ರೋಗ?" ಎಂದು ಟೀವಿಗೇ ಬೈಯುತ್ತಿದ್ದೆ.

ಇಂಥವರು ದೆಹಲಿಯಲ್ಲಿ ಮಾತ್ರ ಇರುತ್ತಾರೆಂದಲ್ಲ. ನಂಜನಗೂಡಿನ ನನ್ನ ಸೋದರಮಾವ, ಮನೆಯಲ್ಲಿ ಪಾಲಿನ ಮಾತು ಬಂತೆಂದರೆ ಸಾಕು, ಟವಲು ಹೆಗಲಿಗೆ ಹಾಕಿಕೊಂಡು "ಕಪಿಲೇಲಿ ಒಂದು ಮುಳುಗು ಹಾಕಿ ಬತ್ತೀನಿ" ಎಂದು ಎದ್ದುಬಿಡುತ್ತಿದ್ದರು. ಜಗಳ ಮುಗಿದು ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಒದ್ದೆ ಪಂಚೆಯಲ್ಲಿ ಪ್ರತ್ಯಕ್ಷ. ಹೊಳೆ ತುಂಬಿ ಮೆಟ್ಟಿಲೆಲ್ಲ ಮುಳುಗಿದ್ದ ದಿನವೂ ಹೋಗಿ, ದಡದಲ್ಲೇ ತಲೆಗೆ ಒಂದು ಚೊಂಬು ನೀರು ಸುರಿದುಕೊಂಡು ಬಂದ ಪುಣ್ಯಾತ್ಮರು. ಅವರನ್ನು ಕಂಡರೂ ನನಗೆ ಆಗುತ್ತಿರಲಿಲ್ಲ.

ಹೀಗಿರುವಾಗ ನಮ್ಮೂರ ಪಂಚಾಯ್ತಿಯಲ್ಲಿ ಹೆಂಗಸರಿಗೆ ಮೀಸಲಾದ ಜಾಗಕ್ಕೆ ನನ್ನ ಹೆಂಡತಿ ಸರ್ವಮಂಗಳಾ ನಿಂತಳು, ಗೆದ್ದಳು. 'ನಾವು ಗೆದ್ದೆವು' ಎಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಅವಳು ನಮ್ಮ ಬೀದಿಯ ಹೆಂಗಸರಿಗೆ ಕೊಟ್ಟಿದ್ದ ಮಾತು ಒಂದೇ: ನಲ್ಲಿ ನೀರು. ಪೈಪಿಗೆಂದು ತೋಡಿದ ಕಾಲುವೆ ಪಕ್ಕದ ಬೀದಿಯ ತನಕ ಬಂದು ನಿಂತುಬಿಟ್ಟಿತ್ತು. ಅಧ್ಯಕ್ಷ ಮಾದಪ್ಪನವರನ್ನು ಕೇಳಿದರೆ "ಆಯ್ತದೆ ಕಣವ್ವ, ಆಯ್ತದೆ" ಎನ್ನುತ್ತಿದ್ದರು. ಹೆಂಗಸರು ದೂರದ ಬೋರ್‌ವೆಲ್ಲಿಗೆ ಬಿಂದಿಗೆ ಹೊತ್ತು ಹೊತ್ತು ಸೋತಿದ್ದರು. ಕೊನೆಗೆ ಮಾದಪ್ಪನವರ ಮೇಲೆ ಅವಿಶ್ವಾಸ ಗೊತ್ತುವಳಿ ಬಂತು.

ನನ್ನ ಗ್ರಹಚಾರ ನೋಡಿ. ಮಾದಪ್ಪನವರು ನನ್ನ ಅಂಗಡಿ ಕಟ್ಟಡದ ಮಾಲೀಕರು. ಗೊತ್ತುವಳಿ ತಂದ ಪುಟ್ಟಸ್ವಾಮಿಯವರು ನನ್ನ ತಂಗಿಯ ಮಾವ. ಮೊದಲು ಮಾದಪ್ಪನವರು ಬಂದರು. "ಶಿವಣ್ಣ, ಅಂಗ್ಡಿ ಖಾಲಿ ಮಾಡಿ ಅಂತ ನಾನು ಯಾವತ್ತಾರ ಅಂದಿದ್ದೀನಾ? ಈಗ್ಲೂ ಅನ್ನಕಿಲ್ಲ" ಎಂದು ಕಾಫಿ ಕುಡಿದು ಹೋದರು. ಆಮೇಲೆ ಬೀಗರು ಬಂದರು. "ನಿಮ್ಮ ತಂಗೀನ ಮಗಳಂಗೆ ನೋಡ್ಕಂಡಿವ್ನಿ. ಮುಂದ್ಕೂ ಅಂಗೇ ನೋಡ್ಕೊಬೇಕು ಅಂತ ಆಸೆ ಅದೆ ಕಣಪ್ಪ" ಎಂದು ಅವರೂ ಕಾಫಿ ಕುಡಿದರು. ಇಬ್ಬರಿಗೂ ನಾನು ತಲೆಯಾಡಿಸಿದೆ.

ಅಡಿಗೆಮನೆಗೆ ಹೋಗಿ ಹೆಂಡತಿಗೆ ಉಪಾಯ ಹೇಳಿದೆ. "ಹೋಗು, ಸಹಿ ಹಾಕು, ಕೂತ್ಕೋ. ಕೈ ಮಾತ್ರ ಎತ್ತಬೇಡ. ಇಬ್ಬರಿಗೂ ನೀನು ತಟಸ್ಥ ಅಂತ ಹೇಳಿಬಿಡ್ತೀನಿ."

"ಮೊನ್ನೆ ಟೀವಿ ಮುಂದೆ ಕೂತು ಇಂಥವರನ್ನೇ ಅಲ್ವೇನ್ರೀ ನೀವು ಉಗೀತಿದ್ದಿದ್ದು?"

"ಅದು ದೇಶದ ವಿಷಯ ಕಣೇ. ಇದು ಸಂಸಾರದ ವಿಷಯ."

"ಇದು ನೀರಿನ ವಿಷಯ" ಎಂದು ಖಾಲಿ ಬಿಂದಿಗೆ ಎತ್ತಿಕೊಂಡು ಹೊರಟೇಹೋದಳು. 'ಆಗಲ್ಲ' ಅನ್ನದೆ ಹೋಗುವುದು ಒಪ್ಪಿಗೆಯ ಲಕ್ಷಣವೆಂದು ನಾನು ತಿಳಿದುಕೊಂಡೆ.

ಸಭೆಯ ದಿನ ಮತ ಎಣಿಸಲು ಮೈಸೂರಿನಿಂದ ಅಸಿಸ್ಟೆಂಟ್ ಕಮಿಷನರ್ ಸಾಹೇಬರು ಜೀಪಿನಲ್ಲಿ ಬಂದರು. ಸದಸ್ಯೆಯರ ಗಂಡಂದಿರೆಲ್ಲ ಕಚೇರಿಯ ಕಿಟಕಿಗೆ ಜೋತುಬಿದ್ದಿದ್ದೆವು. ಗೊತ್ತುವಳಿಯ ಪರವಾಗಿ ಕೈಗಳು ಎದ್ದವು. ಸಾಹೇಬರು ಎಣಿಸಿ, ಒಂದು ಕೈ ಕಡಿಮೆ ಎಂದರು. ನನ್ನ ಹೆಂಡತಿ ಕೈ ಎತ್ತಿರಲಿಲ್ಲ, ನಾನು ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ಅವರು ಕನ್ನಡಕ ತೆಗೆದು, "ನೋಡಿ, ಇಲ್ಲಿ ಲೆಕ್ಕ ಒಟ್ಟು ಸದಸ್ಯರದ್ದು. ಸುಮ್ಮನೆ ಕೂತವರು ಅಧ್ಯಕ್ಷರನ್ನ ಉಳಿಸಿದ ಹಾಗೇ. ತಿಳ್ಕೊಂಡು ಇನ್ನೊಂದು ಸಲ ಕೈ ಎತ್ತಿ" ಅಂದರು. ಒಳಗಿದ್ದ ಬೀಗರು ಸರಕ್ಕನೆ ನನ್ನ ಕಡೆ ತಿರುಗಿದರು. ಮಾದಪ್ಪನವರೂ ತಿರುಗಿದರು. ಕೊನೆಗೆ ಹೆಂಡತಿಯೂ ನನ್ನನ್ನು ನೋಡಿದಳು. ಎತ್ತು ಅನ್ನಲೇ, ಬೇಡ ಅನ್ನಲೇ? ಅರ್ಧಕ್ಕೆ ಎತ್ತಿದ ಕೈಯಲ್ಲಿ ತಲೆ ಕೆರೆದುಕೊಂಡೆ.

"ಸಾರ್, ಆ ಕಿಟಕಿ ಮುಚ್ಚಿಸ್ತೀರಾ?" ಎಂದಳು ಸರ್ವಮಂಗಳಾ. ಜವಾನ ಬಂದು ನಮ್ಮ ಮೂಗಿನ ಮೇಲೇ ಬಾಗಿಲೆಳೆದ. ಒಳಗಿನಿಂದ ಚಪ್ಪಾಳೆ ಕೇಳಿಸಿತು. ಹೊಸ ಅಧ್ಯಕ್ಷರ ಕಾಲಕ್ಕೆ ನಮ್ಮ ಬೀದಿಗೆ ನಲ್ಲಿ ಬಂತು, ನಲ್ಲಿಗೆ ನೀರು ಬರಲು ಅವರನ್ನೂ ಅವಳು ಸಾಕಷ್ಟು ಗೋಳು ಹುಯ್ದುಕೊಂಡಳು. ಅದು ಆಮೇಲಿನ ಮಾತು.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲೇ ಮಾದಪ್ಪನವರು ನಿಂತಿದ್ದರು. ಅಂಗಡಿಯ ಬೀಗದ ಕೈ ಕೇಳಲು ಬಂದಿದ್ದಾರೆಂದುಕೊಂಡೆ. "ಮಾದಪ್ಪನೋರೇ, ನಾನು ಅವಳಿಗೆ ಬೇಕಾದಷ್ಟು ಹೇಳಿದ್ದೆ..." ಎಂದು ಶುರು ಮಾಡಿದೆ.

"ಆಯಮ್ಮನ ಮ್ಯಾಲೆ ನಂಗೆ ಕ್ವಾಪ ಅದೆ. ಸಾಯೋಗಂಟ ಇರ್ತದೆ" ಎಂದರು ಅವರು. "ಆದ್ರೂ ಎದ್ರುಗೇ ಕೈ ಎತ್ತುದ್ಲು. ಮೆಚ್ಬೇಕು ಕಣಪ್ಪ."

"ಮತ್ತೆ ನನ್ನ ಮೇಲೆ?" ಎಂದು ಹೆದರುತ್ತಲೇ ಕೇಳಿದೆ.

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮ್ಮ ಮ್ಯಾಲಾ? ನಿಮ್ಮ ಮ್ಯಾಲೆ ಯಾಕೆ ಶಿವಣ್ಣ? ಪೇಪರ್ ಕೊಡಿ" ಎಂದರು.

ಅಂಗಡಿ ಉಳಿಯಿತು. ತಂಗಿಯೂ ಸುಖವಾಗಿದ್ದಾಳೆ. ಆದರೆ ಅವತ್ತು ಮಾದಪ್ಪನವರು ನನಗೆ ಒಂದೇ ಒಂದು ಮಾತು ಬೈದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.