ಹೇಮರಾಜ ಪಿಜ್ಜಾ ಒಲೆ ಗೆದ್ದ ದಿನ

ಮೂಡುಬಿದಿರೆಯಿಂದ ಹೊರಟ ಪಿಜ್ಜಾ ಸಿದ್ಧಕಟ್ಟೆಗೆ ಬಿಸಿಯಾಗಿ ಬಂದು ಮುಟ್ಟಿದ ದಾಖಲೆ ಇಲ್ಲ. ಹೇಮರಾಜ ಅದನ್ನು ಸ್ಕೂಟರಿನ ಸೀಟಿನಡಿ ಇಟ್ಟು ತಂದಿದ್ದ, ಟವೆಲಿನಲ್ಲಿ ಸುತ್ತಿ ತಂದಿದ್ದ, ಒಮ್ಮೆ ರೇನ್‌ಕೋಟಿನ ಒಳಗೆ ಎದೆಗವಚಿಕೊಂಡೂ ತಂದಿದ್ದ. ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಒದ್ದೆ ಗೋಣಿಯ ತುಂಡಿನಂತಾಗಿರುತ್ತಿತ್ತು. ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದು, ಬೇರೆ ಯಾವ ಚಟವೂ ಇಲ್ಲದ ಮನುಷ್ಯನಿಗೆ ಇದೊಂದು ಆಸೆಯೂ ತಣ್ಣಗೇ ಸಿಗಬೇಕೆಂದರೆ ಹೇಗೆ? ಹಾಗಾಗಿ ಅವನು ಹೆಂಡತಿಗೆ ಹೇಳದೆ ಆನ್‌ಲೈನಿನಲ್ಲಿ ಒಂಬತ್ತು ಸಾವಿರ ರೂಪಾಯಿಯ, ಅಂಗಳದಲ್ಲಿಟ್ಟು ಉರಿಸುವ ಗ್ಯಾಸಿನ ಪಿಜ್ಜಾ ಒಲೆಯೊಂದನ್ನು ತರಿಸಿಬಿಟ್ಟ.

ಹತ್ತು ದಿನ ಅಟ್ಟದಲ್ಲಿ ಅಡಗಿದ್ದ ಡಬ್ಬ ಭಾನುವಾರ ಬೆಳಿಗ್ಗೆ ಹೆಂಡತಿ ಪದ್ಮಲತಾಳ ಕೈಗೆ ಸಿಕ್ಕಿತು. ಒಳಗಿಂದ ಹೊರಬಂದದ್ದು ನಾಲ್ಕು ಗಿಡ್ಡ ಕಾಲುಗಳ ಮೇಲೆ ಬಾಯಿ ತೆರೆದು ಕುಳಿತ ಕಪ್ಪು ತಗಡಿನ ಪೆಟ್ಟಿಗೆ.

"ಇದೆಂತ, ಕಪ್ಪೆಯಾ?" ಎಂದಳು ಪದ್ಮಲತಾ.

"ಪಿಜ್ಜಾ ಒಲೆ. ತೊಂಬತ್ತು ಸೆಕೆಂಡಿನಲ್ಲಿ ಪಿಜ್ಜಾ ಆಗ್ತದಂತೆ."

"ವಾಪಸು ಕೊಡ್ಲಿಕ್ಕೆ ಇವತ್ತೇ ಕಡೆಯ ದಿನ ಅಂತ ಈ ಚೀಟಿಯಲ್ಲಿ ಉಂಟಲ್ಲ? ಸರಿ. ನಾನು ಸೂರ್ಯ ಮುಳುಗುವ ಮೊದಲು ಊಟ ಮುಗಿಸ್ತೇನೆ. ಅಷ್ಟರೊಳಗೆ ತಿನ್ನುವ ಹಾಗಿನ ಒಂದು ಪಿಜ್ಜಾ ನನ್ನ ತಟ್ಟೆಗೆ ಬರ್ಲಿ. ಬಂದ್ರೆ ಒಲೆ ಇರ್ಲಿ. ಬರ್ದಿದ್ರೆ ಒಲೆಯೂ ಹೋಗ್ಬೇಕು, ನಿಮ್ಮ ಫೋನಿನಲ್ಲಿರುವ ಆ ಅಂಗಡಿಯೂ ಹೋಗ್ಬೇಕು."

"ನೀನು ಸ್ವಲ್ಪ ಹಿಟ್ಟು ಕಲಸಿ ಕೊಡ್ತೀಯಲ್ಲ?"

"ಒಲೆ ತಂದವರು ಯಾರು?" ಎಂದು ಕೇಳಿ ಪದ್ಮಲತಾ ಜಗಲಿಯ ಕುರ್ಚಿಯಲ್ಲಿ ಕುಳಿತು ಪತ್ರಿಕೆ ಬಿಡಿಸಿದಳು.

ಹೇಮರಾಜ ಅಡುಗೆಮನೆ ಹೊಕ್ಕ. ಮೈದಾದ ಡಬ್ಬ ಎಲ್ಲಿದೆ ಎಂದು ಮೂರು ಸಲ ಕೂಗಿ ಕೇಳಿದ. ಮೊಸರು, ಸೋಡಾ ಹಾಕಿ ಹಿಟ್ಟು ನಾದಿದಾಗ ಅದು ಬೆರಳಿಗೆ, ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಕನ್ನಡಕಕ್ಕೆ ಅಂಟಿತು. ಆಮೇಲೆ ನೋಡಿದರೆ ಒಲೆಯ ಪೈಪು ಮನೆಯ ಸಿಲಿಂಡರಿನ ರೆಗ್ಯುಲೇಟರಿಗೆ ಕೂರುವುದೇ ಇಲ್ಲ. ಸ್ಟವ್ ರಿಪೇರಿಯ ಜಿತೇಶನನ್ನು ಕರೆತರಲು ಮಡಂತ್ಯಾರಿಗೆ ಓಡಬೇಕಾಯಿತು. ಜಿತೇಶ ಬಂದು ಸರಿಯಾದ ಪೈಪು ಜೋಡಿಸಿ, ಸಾಬೂನು ನೊರೆ ಹಚ್ಚಿ ಗ್ಯಾಸು ಸೋರುವುದಿಲ್ಲವೆಂದು ಖಾತ್ರಿ ಮಾಡಿಕೊಟ್ಟ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹೋಗುವ ದಾರಿಯಲ್ಲಿ ಅವನು ಸಿಕ್ಕಸಿಕ್ಕವರಿಗೆಲ್ಲ, "ಹೇಮಣ್ಣನ ಮನೆಯಲ್ಲಿ ಸಂಜೆ ಪಿಜ್ಜಾ ಉಂಟು" ಎಂದೂ ಹೇಳುತ್ತಾ ಹೋದ.

ಮೂರೂವರೆಗೆ ಅಂಗಳದಲ್ಲಿ ಕುರ್ಚಿಗಳು ಬಿದ್ದವು. ಎದುರು ಮನೆಯ ಅಬ್ದುಲ್ ವಹಾಬ್ ಹೆಂಡತಿ ಮುರ್ಶಿದಾಳೊಂದಿಗೆ ಬಂದರು. ಸೌದಿಯ ದಮಾಮಿನಲ್ಲಿ ಹದಿನಾರು ವರ್ಷ ಬೇಕರಿಯ ವ್ಯಾನು ಓಡಿಸಿದವರಾದ್ದರಿಂದ ರೊಟ್ಟಿಗೆ ಸಂಬಂಧಿಸಿದ ಸಕಲ ವಿಷಯಗಳಲ್ಲೂ ಅವರದ್ದೇ ಕೊನೆಯ ಮಾತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ನೋಣಯ್ಯ ಹೆಂಡತಿ ಗಿರಿಜಕ್ಕನೊಂದಿಗೆ ಬಂದರು. ಕೈಯಲ್ಲಿ ಒಂದು ಬಕೆಟ್ ನೀರೂ ಇತ್ತು.

"ನೀರು ಯಾಕೆ ನೋಣಯ್ಯಣ್ಣ?"

"ಗ್ಯಾಸಲ್ವಾ ಮಾರಾಯ, ಹೇಳ್ಲಿಕ್ಕೆ ಬರುವುದಿಲ್ಲ" ಎಂದು ನೋಣಯ್ಯ ಬಕೆಟನ್ನು ಕಾಲ ಬಳಿಯೇ ಇಟ್ಟುಕೊಂಡರು. "ನೀನು ಧೈರ್ಯದಿಂದ ಮಾಡು. ಚೆನ್ನಾಗಿ ಬಂದ್ರೆ ನಾನೂ ಇಂಥದ್ದೊಂದು ಒಲೆ ತೆಗಿತೇನೆ."

"ನಾನೂ ಅದನ್ನೇ ನೋಡ್ಲಿಕ್ಕೆ ಬಂದದ್ದು" ಎಂದರು ವಹಾಬ್. "ತೆಗೆಯಬಹುದಾ, ಬೇಡವಾ?"

ಈಗ ಇದು ಮನೆಯ ಮರ್ಯಾದೆಯಾಗಿ ಉಳಿಯದೆ ಊರಿನ ತೀರ್ಪಾಗಿತ್ತು. ಹೇಮರಾಜ ಒಲೆ ಹೊತ್ತಿಸಿದ. ಭರ್ರೆಂದು ನೀಲಿ ಬೆಂಕಿ ಎದ್ದು ಒಲೆಯ ಚಾವಣಿಗೆ ನಾಲಿಗೆ ಚಾಚಿತು. ಎರಡೇ ನಿಮಿಷ ಕಾದು, ಟೊಮೆಟೊ, ದೊಣ್ಣೆ ಮೆಣಸು, ಪನೀರು, ಚೀಸು ಹೊತ್ತ ಮೊದಲ ಪಿಜ್ಜಾವನ್ನು ಉದ್ದ ಹಿಡಿಯ ತಟ್ಟೆಯಿಂದ ಒಳಗೆ ಜಾರಿಸಿದ.

ಪಿಜ್ಜಾ ಜಾರಲಿಲ್ಲ. ಮೇಲಿನ ಸಾಮಾನು ಮಾತ್ರ ಜಾರಿತು. ಹಿಟ್ಟು ತಟ್ಟೆಗೇ ಅಂಟಿಕೊಂಡಿತು, ಚೀಸು ಬೆಂಕಿಗೆ ಬಿದ್ದು ಧಗ್ಗೆಂದಿತು.

"ತಿರುಗಿಸಿ ಹೇಮಣ್ಣ, ತಿರುಗಿಸಿ!" ಎಂದು ವಹಾಬ್ ಕೂಗಿದರು.

"ಎಂತದನ್ನು ತಿರುಗಿಸುವುದು ವಹಾಬಾಕ, ಅಲ್ಲಿ ಇರುವುದೇ ಬೆಂಕಿ!"

ನೋಣಯ್ಯ ಬಕೆಟ್ ಎತ್ತಿದರು. ಒಲೆಯೊಳಗೆ ಹಾಸಿದ ಕಾದ ಕಲ್ಲಿಗೆ ನೀರು ಬಿದ್ದರೆ ಅದು ಎರಡು ಹೋಳು ಎಂದು ಹೇಮರಾಜ ಓದಿದ್ದ. ಗ್ಯಾಸು ಬಂದ್ ಮಾಡಿ, ಮರಿಗಳನ್ನು ಕಾಯುವ ಕೋಳಿಯಂತೆ ಎರಡೂ ಕೈ ಅಗಲಿಸಿ ಒಲೆಗೆ ಅಡ್ಡ ನಿಂತ. ಬಕೆಟಿನ ನೀರು ಪೂರ್ತಿ ಅವನ ಮೇಲೆ ಬಿತ್ತು. ಅಂಗಿಯ ಮೇಲಿದ್ದ ಮೈದಾ ಅಲ್ಲೇ ಗಂಜಿಯಾಯಿತು.

"ಒಲೆಗೆ ಎಂತ ಆಗ್ಲಿಲ್ಲ ಅಲ್ಲ?" ಎಂದು ನೋಣಯ್ಯ ಗಾಬರಿಯಿಂದ ಕೇಳಿದರು.

ಎರಡನೆಯದು ಒಳಗೇನೋ ಹೋಯಿತು. ಆದರೆ ಮೇಲ್ಭಾಗ ಇದ್ದಲು, ಅಡಿ ಹಸಿ ಹಿಟ್ಟು. ವಹಾಬ್ ಅದರ ಅಂಚು ಮುರಿದು ಜಗಿದು, ಬಹಳ ಹೊತ್ತು ಯೋಚಿಸಿ, "ದಮಾಮಿನಲ್ಲಿ ಇದನ್ನು ನಾವು ವ್ಯಾನಿಗೆ ಹತ್ತಿಸ್ತಿರ್ಲಿಲ್ಲ" ಎಂದರು. ಗಿರಿಜಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುರ್ಶಿದಾ ಆಕಾಶ ನೋಡಿದಳು. ಸೂರ್ಯ ತೆಂಗಿನ ಗರಿಗಳಿಂದ ಕೆಳಗಿಳಿದಿದ್ದ.

ಹೇಮರಾಜ ಒದ್ದೆ ಅಂಗಿಯಲ್ಲಿ ಒಲೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತ. ಇನ್ನು ಉಳಿದಿದ್ದದ್ದು ಎರಡು ಉಂಡೆ ಹಿಟ್ಟು. ಪತ್ರಿಕೆಯ ಹಿಂದಿನಿಂದ ಪದ್ಮಲತಾಳ ದನಿ ಬಂತು.

"ಕಾವಲಿ ಕಾಯದೆ ದೋಸೆ ಹೊಯ್ದ್ರೆ ಏಳ್ತದಾ?"

ಹೇಮರಾಜ ತಟ್ಟನೆ ತಲೆಯೆತ್ತಿದ. ಹೌದಲ್ಲ! ಕಲ್ಲೆಂದರೆ ಕಾವಲಿಯೇ. ಬೆಂಕಿ ಎದ್ದ ಮಾತ್ರಕ್ಕೆ ಕಲ್ಲು ಕಾದಂತಾಯಿತೇ? ಅವನು ಮತ್ತೆ ಒಲೆ ಹೊತ್ತಿಸಿ, ಗಾಳಿ ಬರುವ ಕಡೆಗೆ ಒಲೆಯ ಬೆನ್ನು ತಿರುಗಿಸಿಟ್ಟು, ಗಡಿಯಾರ ನೋಡಿಕೊಂಡು ಇಪ್ಪತ್ತೈದು ನಿಮಿಷ ಕಾದ. ವಹಾಬ್ "ಸಾಕು" ಎಂದರು, ಕೇಳಲಿಲ್ಲ. ನೋಣಯ್ಯ "ಹೆಚ್ಚಾಯ್ತು" ಎಂದರು, ಕೇಳಲಿಲ್ಲ. ಒಂದು ಚಿಟಿಕೆ ಮೈದಾ ಕಲ್ಲಿನ ಮೇಲೆ ಉದುರಿಸಿದ. ಅದು ಕ್ಷಣದಲ್ಲಿ ಕೆಂಪಾಯಿತು. ತಟ್ಟೆಗೆ ರವೆ ಚೆಲ್ಲಿ, ಹಿಟ್ಟು ತೆಳ್ಳಗೆ ತಟ್ಟಿ, ಸಾಮಾನು ಹದವಾಗಿ ಹರಡಿ, ಬೆಂಕಿ ಸಣ್ಣ ಮಾಡಿ, ತಟ್ಟೆಯನ್ನು ಒಲೆಯೊಳಗೆ ಚಾಚಿ ಒಂದೇ ಎಳೆತಕ್ಕೆ ಹಿಂದೆಗೆದ.

ಪಿಜ್ಜಾ ಕಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿತು.

ಅಂಚು ಉಬ್ಬಿತು. ಚೀಸು ಗುಳುಗುಳು ಕುದಿಯಿತು. ಹೇಮರಾಜ ಅದನ್ನು ಕಾಲು ಕಾಲು ಸುತ್ತು ತಿರುಗಿಸಿದ. ಎರಡು ನಿಮಿಷದೊಳಗೆ ಹೊರಬಂದ ಪಿಜ್ಜಾ ಹುಣ್ಣಿಮೆಯ ಚಂದ್ರನಂತೆ ಹೊಳೆಯುತ್ತಿತ್ತು, ಚಂದ್ರನಿಗಿರುವಷ್ಟೇ ಕಲೆಗಳೂ ಇದ್ದವು. ಚೂರಿ ಹಾಕಿದಾಗ ಕರ್ರೆಂದಿತು.

ಪದ್ಮಲತಾ ಪತ್ರಿಕೆ ಮಡಚಿದಳು. ಒಂದು ತುಂಡು ಎತ್ತಿದಳು. ಚೀಸಿನ ಎಳೆ ತಟ್ಟೆಯಿಂದ ಬಾಯಿಯವರೆಗೆ ಸೇತುವೆ ಕಟ್ಟಿತು. ಜಗಿದಳು, ನುಂಗಿದಳು, ಎರಡನೆಯ ತುಂಡಿಗೆ ಕೈ ಹಾಕಿದಳು.

"ಒಳ್ಳೆದುಂಟು" ಎಂದಳು. "ಮೂಡುಬಿದಿರೆಯದ್ದು ಇದರ ಮುಂದೆ ಎಂತದೂ ಅಲ್ಲ. ಒಲೆ ಇರ್ಲಿ."

ಅಂಗಳದಲ್ಲಿ ಚಪ್ಪಾಳೆ ಬಿತ್ತು. ವಹಾಬ್ ಹೇಮರಾಜನ ಒದ್ದೆ ಬೆನ್ನು ತಟ್ಟಿ, "ಗಲ್ಫಿನಲ್ಲೂ ಇಂಥದ್ದು ತಿಂದಿಲ್ಲ" ಎಂದರು. ನೋಣಯ್ಯ ಖಾಲಿ ಬಕೆಟನ್ನು ಮಗುಚಿ ಚೆಂಡೆಯಂತೆ ಬಡಿದರು. ಮೈದಾ ಗಂಜಿಯಲ್ಲಿ ಮಿಂದ ಹೇಮರಾಜ ಕುಸ್ತಿ ಗೆದ್ದವನಂತೆ ನಿಂತಿದ್ದ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯ ಎದುರು ಮೊದಲ ಬಾರಿಗೆ ಅವನು ಪೂರ್ತಿ ಗೆದ್ದಿದ್ದ.

"ಹಾಗಾದ್ರೆ ಈ ಒಲೆ ತೆಗೆಯಬಹುದಾ ಪದ್ಮಕ್ಕ?" ಎಂದು ಮುರ್ಶಿದಾ ಕೇಳಿದಳು.

"ಕಣ್ಣು ಮುಚ್ಚಿ ತೆಗೆಯಿರಿ" ಎಂದಳು ಪದ್ಮಲತಾ. "ಪಿಜ್ಜಾ ಇರ್ಲಿ ಬಿಡಿ. ಬೆಳಿಗ್ಗೆಯಿಂದ ನಾನು ಈ ಕುರ್ಚಿಯಿಂದ ಎದ್ದದ್ದುಂಟಾ? ಹಿಟ್ಟು ನಾದಿದ್ದು ಇವರು, ತರಕಾರಿ ಹೆಚ್ಚಿದ್ದು ಇವರು, ಪಾತ್ರೆ ತೊಳೆದದ್ದೂ ಇವರೇ. ಇಪ್ಪತ್ತೆರಡು ವರ್ಷ ಇವರಿಗೆ ಅಡುಗೆ ಬರುವುದಿಲ್ಲ ಅಂತ ನಾನು ನಂಬಿದ್ದೆ! ಬೆಂಕಿ ಹೊರಗೆ ಅಂಗಳದಲ್ಲಿದ್ರೆ ಗಂಡಸರಿಗೆ ಎಲ್ಲ ಬರ್ತದೆ, ನೋಡಿ."

ಗಿರಿಜಕ್ಕನೂ ಮುರ್ಶಿದಾಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡು ಫೋನುಗಳು ಹೊರಬಂದವು. ಐದು ನಿಮಿಷದಲ್ಲಿ ಎರಡು ಒಲೆಗಳು ಆರ್ಡರ್ ಆದವು.

"ನಮ್ಮದು ಬುಧವಾರ ಬರ್ತದಂತೆ" ಎಂದು ಗಿರಿಜಕ್ಕ ನೋಣಯ್ಯನಿಗೆ ತಿಳಿಸಿದರು. "ಅಷ್ಟರೊಳಗೆ ಹಿಟ್ಟು ನಾದ್ಲಿಕ್ಕೆ ಕಲಿತುಕೊಳ್ಳಿ."

"ನೀವಂತೂ ಬೇಕರಿಯವರು" ಎಂದಳು ಮುರ್ಶಿದಾ ಗಂಡನಿಗೆ.

"ವ್ಯಾನು... ನಾನು ವ್ಯಾನು ಮಾತ್ರ..." ಎಂದು ವಹಾಬ್ ತೊದಲಿದರು.

"ಸಂಜೆಯ ಅಡುಗೆ ಇನ್ನು ನಿಮ್ಮದೇ" ಎಂದಳು ಪದ್ಮಲತಾ ಹೇಮರಾಜನಿಗೆ, ಬಹಳ ಪ್ರೀತಿಯಿಂದ. "ನಾಳೆ ಚಪಾತಿ ಹಾಕಿ ನೋಡುವ. ಈಗ ಇನ್ನೊಂದು ಪಿಜ್ಜಾ ಬರ್ಲಿ, ಇವರಿಗೆಲ್ಲ ಸಾಕಾಗ್ಲಿಲ್ಲ."

ಹೇಮರಾಜ ಕೊನೆಯ ಉಂಡೆಯನ್ನು ತಟ್ಟಿ ಒಳಗೆ ಜಾರಿಸಿದ. ಈಗ ಕೈಗೆ ಹದ ಸಿಕ್ಕಿತ್ತು, ಕೆಡಿಸಬೇಕೆಂದರೂ ಕೆಡುವಂತಿರಲಿಲ್ಲ. ವಹಾಬ್ ಮೆಲ್ಲನೆ ಬಂದು ಅವನ ಪಕ್ಕ ಕುಳಿತು, ಹೆಂಗಸರಿಗೆ ಕೇಳಿಸದಂತೆ ಪಿಸುಗುಟ್ಟಿದರು:

"ಹೇಮಣ್ಣ, ಆ ಮೂರನೆಯದನ್ನೂ ಕರಿ ಮಾಡಿದ್ರೆ ನಿಮ್ಮ ಗಂಟು ಎಂತ ಹೋಗ್ತಿತ್ತು ಮಾರಾಯ್ರೆ?"