ಎಡಗಿವಿಗೊಂದು, ಬಲಗಿವಿಗೊಂದು

ಎರಡು ಕೆಲಸ ಮಾಡುವವರನ್ನು ಜನ ಚುರುಕಿನವರು ಅನ್ನುತ್ತಾರೆ. ನನ್ನನ್ನೂ ಹಾಗೆ ಅಂದವರಿದ್ದಾರೆ. ಅವರಲ್ಲಿ ಯಾರೂ ನನ್ನ ಜೊತೆ ಒಂದು ದಿನವಾದರೂ ಇದ್ದವರಲ್ಲ. ಬಣಕಲ್‌ನ ಒಂದು ಶಾಲೆಯಲ್ಲಿ ನಾನು ಡ್ರಾಯಿಂಗ್ ಮಿಸ್. ಮೂಡಿಗೆರೆಯ ನಮ್ಮ ಮನೆಯ ಹಿತ್ತಿಲಲ್ಲಿ ಮಣ್ಣಿನ ಓಲೆ, ಝುಮುಕಿ, ಸರಗಳನ್ನು ಮಾಡಿ, ಸುಟ್ಟು, ಬಣ್ಣ ಹಚ್ಚಿ ಮಾರುವ ವ್ಯಾಪಾರಿ. ಎರಡೂ ಕಲೆಯೇ ತಾನೇ, ಒಂದಕ್ಕೊಂದು ಹೊಂದಿಕೊಂಡು ಹೋಗುತ್ತವೆ ಎಂದು ನಾನೂ ನಂಬಿದ್ದೆ. ಆದರೆ ಕ್ಲಾಸಿನಲ್ಲಿ ನಿಂತಾಗ ಮನೆಯಲ್ಲಿ ಒಣಗಲು ಇಟ್ಟ ಝುಮುಕಿ ಬಿರುಕು ಬಿಟ್ಟಿತೇನೋ ಎಂಬ ಚಿಂತೆ. ಮನೆಯಲ್ಲಿ ಝುಮುಕಿ ತಿದ್ದುವಾಗ ಮಕ್ಕಳ ಡ್ರಾಯಿಂಗ್ ಪುಸ್ತಕ ತಿದ್ದಿಲ್ಲವಲ್ಲ ಎಂಬ ಚಿಂತೆ. ನಮ್ಮ ಯಜಮಾನರು ಎಸ್ಟೇಟಿನಲ್ಲಿ ರೈಟರ್, ಆಳುಗಳ ಹಾಜರಿ ಹಾಕುವುದು ಅವರ ಕೆಲಸ. "ನಿಂಗೆ ಎಲ್ಲಿ ಹಾಜರಿ ಹಾಕೋದು ಅಂತಾನೇ ಗೊತ್ತಾಗಲ್ಲ ಮಾರಾಯ್ತಿ" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ.

ನಮ್ಮ ಕಡೆಯ ತಂಡಿಗೆ ಮಣ್ಣು ತಾನಾಗಿ ಒಣಗುವುದಿಲ್ಲ. ಬಚ್ಚಲೊಲೆಯ ಮೇಲಿನ ಅಟ್ಟವೇ ಗತಿ. ಆದರೆ ಆ ಅಟ್ಟ ಮೊದಲಿನಿಂದಲೂ ಅತ್ತೆಯವರದು. ಹಪ್ಪಳದ ಡಬ್ಬಿ, ಬೀಜಕ್ಕಿಟ್ಟ ಸೌತೆಕಾಯಿ, ಸಾರಿಗೆ ಹಾಕುವ ವಾಟೆಹುಳಿಯ ಒಣ ಹೋಳುಗಳು, ಎಲ್ಲವೂ ಅಲ್ಲಿರುತ್ತವೆ. ನನ್ನದೊಂದು ಮೊರಕ್ಕೂ ಜಾಗ ಕೊಟ್ಟಿದ್ದಾರೆ. ಒಮ್ಮೆ ಚಪ್ಪಟೆ ಬಿಲ್ಲೆಯ ಓಲೆಗಳನ್ನು ಮಾಡಿಟ್ಟಿದ್ದೆ, ಇನ್ನೂ ಸುಟ್ಟಿರಲಿಲ್ಲ. ಸಂಜೆ ಬಂದು ನೋಡಿದರೆ ಒಂದು ಜೊತೆ ಕಾಣೆ. ಹುಡುಕುತ್ತಿದ್ದಾಗ ಒಳಗಿನಿಂದ ಯಜಮಾನರ ದನಿ: "ಅಮ್ಮಾ, ಇವತ್ತು ಸಾರು ಒಳ್ಳೆ ಗಟ್ಟಿಯಾಗಿದೆ." ನನಗೆ ತಟ್ಟನೆ ಹೊಳೆಯಿತು. ಕೇಳಿದರೆ ಅತ್ತೆ, "ನಂಗೇನು ಗೊತ್ತು ಮಾರಾಯ್ತಿ, ಹುಳಿಯೂ ಕಪ್ಪು, ನಿನ್ನ ಓಲೆಯೂ ಕಪ್ಪು. ಒಂದು ಹಾಕ್ದೆ, ಹುಳಿ ಹತ್ತಲೇ ಇಲ್ಲ. ಅದಕ್ಕೇ ಇನ್ನೊಂದೂ ಹಾಕ್ದೆ" ಎಂದರು. ಯಜಮಾನರು ಅಷ್ಟು ಹೊತ್ತಿಗೆ ಎರಡನೇ ಸಲ ಬಡಿಸಿಕೊಂಡಾಗಿತ್ತು.

ಮಣ್ಣಿನ ಓಲೆಯಲ್ಲಿ ನೋಡಬೇಕಾದ್ದು ಚಂದ ಮಾತ್ರವಲ್ಲ, ಭಾರ. ಕೈಯಲ್ಲಿ ಹಗುರವಾಗಿ ಕಂಡದ್ದು ಮಧ್ಯಾಹ್ನದ ಹೊತ್ತಿಗೆ ಕಿವಿ ಜಗ್ಗತೊಡಗುತ್ತದೆ. ಅದಕ್ಕೆ ನಾನು ಪ್ರತಿ ಹೊಸ ನಮೂನೆಯನ್ನೂ ಒಂದು ದಿನ ಹಾಕಿಕೊಂಡು ನೋಡಿಯೇ ಕೊಡುವುದು. ಸಮಯ ಉಳಿಸಲು ಎಡಗಿವಿಗೆ ಒಂದು ನಮೂನೆ, ಬಲಗಿವಿಗೆ ಇನ್ನೊಂದು. ಹಾಕಿಕೊಂಡದ್ದು ಮರೆತುಹೋಗಿ ಹಾಗೇ ಮದುವೆ ಮನೆಗೂ ಹೋಗಿದ್ದೇನೆ. ಇದರ ಜೊತೆ ಇನ್ನೊಂದು ಚಾಳಿ ಅಂಟಿಕೊಂಡಿತು. ಜನರ ಮುಖ ನೋಡುವುದು ಬಿಟ್ಟುಹೋಗಿ ಕಿವಿ ನೋಡತೊಡಗಿದೆ. ಬಸ್ಸಿನಲ್ಲಿ ಯಾರಾದರೂ ನಮಸ್ಕಾರ ಅಂದರೆ ಮೊದಲು ಕಿವಿಯತ್ತ ಕಣ್ಣು ಹೋಗುತ್ತದೆ, ಆಮೇಲೆ ಯಾರೆಂದು ಯೋಚಿಸುತ್ತೇನೆ.

ನಮ್ಮ ಶಾಲೆಯ ಹೆಡ್ ಮೇಡಂ ಕೆಟ್ಟವರಲ್ಲ. ಆದರೆ ಕಣ್ಣು ಬಹಳ ಚುರುಕು. ನನ್ನ ಟಿಫಿನ್ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ ಚಿತ್ರಾನ್ನವಿದ್ದರೆ ಕೆಳಗಿನದರಲ್ಲಿ ಒದ್ದೆ ಬಟ್ಟೆ ಸುತ್ತಿದ ಮಣ್ಣು ಇರುತ್ತದೆಂದು ಅವರಿಗೆ ಹೇಗೋ ತಿಳಿದಿತ್ತು. ಒಂದು ದಿನ ಕರೆದು ಹೇಳಿದರು: "ನೋಡಿ ಮಿಸ್, ಮನೇಲಿ ನೀವು ಏನಾದ್ರೂ ಮಾಡ್ಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ. ಕ್ಲಾಸಿನಲ್ಲಿ ಮಾತ್ರ ಬೇಡ. ಗಣಿತದ ಮೇಷ್ಟ್ರು ಏಳನೇ ಕ್ಲಾಸಿನ ಡ್ರಾಯಿಂಗ್ ಪೀರಿಯಡ್ ತಮಗೆ ಕೊಡಿ ಅಂತ ಕೇಳ್ತಾನೇ ಇದ್ದಾರೆ. ಪೇರೆಂಟ್ಸ್ ಬರೋ ದಿನ ನಿಮ್ಮ ಮಕ್ಕಳ ಚಿತ್ರ ನೋಡಿ ತೀರ್ಮಾನ ಮಾಡ್ತೀನಿ." ಮೇಷ್ಟ್ರು ಒಳ್ಳೆಯವರೇ, ಆದರೆ ಯಾವ ಪೀರಿಯಡ್ ಖಾಲಿ ಕಂಡರೂ ಭಾಗಾಕಾರ ತುಂಬುವ ಮನುಷ್ಯ. ಆ ಏಳನೇ ಕ್ಲಾಸಿನ ಮಕ್ಕಳು ಬಣ್ಣ ಕಲಸುವಾಗ ಕೂಗಾಡುವುದನ್ನು ಕೇಳಿಕೊಂಡೇ ನಾನು ಇಷ್ಟು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಬಂದವಳು. ಅದನ್ನು ಕಳೆದುಕೊಳ್ಳುವುದು ನನಗೆ ಬೇಕಿರಲಿಲ್ಲ.

ಬೇಕಿಲ್ಲದವಳು ಏನು ಮಾಡಬೇಕಿತ್ತು? ಮಣ್ಣಿನ ಡಬ್ಬಿ ಮನೆಯಲ್ಲಿ ಬಿಟ್ಟು ಬರಬೇಕಿತ್ತು. ಆದರೆ ಅದೇ ಹೊತ್ತಿಗೆ ಮಲ್ಲಂದೂರಿನ ಒಂದು ಮದುವೆ ಮನೆಯಿಂದ ಸರಗಳಿಗೆ ಆರ್ಡರ್ ಬಂದಿತ್ತು. ಸರವೆಂದರೆ ಮಣಿ, ಮಣಿಯೆಂದರೆ ಒಂದೊಂದನ್ನೂ ಅಂಗೈಯಲ್ಲಿ ಉರುಟಿ ಸೂಜಿಯಿಂದ ತೂತು ಮಾಡಬೇಕು. ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ಬುದ್ಧಿವಂತಿಕೆ ಎಂದೇ ನಾನು ಆಗ ತಿಳಿದಿದ್ದೆ. "ಮಕ್ಕಳೇ, ಇವತ್ತು ಎದುರಿಗೆ ಕೂತವರ ಚಿತ್ರ ಬರೆಯೋದು. ನಾನೇ ಕೂತ್ಕೊಳ್ತೀನಿ. ನೆನಪಿರಲಿ, ಗೊತ್ತಿರೋದನ್ನ ಬರೀಬಾರ್ದು, ಕಂಡಿದ್ದನ್ನ ಬರೀಬೇಕು. ಪಕ್ಕದವರದ್ದು ನೋಡಿ ಕಾಪಿ ಹೊಡೀಬಾರ್ದು" ಎಂದು ಹೇಳಿ, ಬೆಳಕಿಗೆಂದು ಮುಂದಿನ ಗೋಡೆಯ ಕಿಟಕಿಯ ಕಡೆ ತಿರುಗಿ ಬೆಂಚುಗಳ ನಡುವೆ ಕುರ್ಚಿ ಹಾಕಿಕೊಂಡು, ಡಬ್ಬಿಯನ್ನು ಮಡಿಲಲ್ಲಿಟ್ಟು, ಸೆರಗು ಮುಚ್ಚಿ, ಮಣಿ ಉರುಟುತ್ತಾ ಕೂತೆ. ಮಕ್ಕಳು ಅಷ್ಟು ಸದ್ದಿಲ್ಲದೆ ಕೂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಎಲ್ಲ ಡ್ರಾಯಿಂಗ್ ಪೀರಿಯಡ್ಡೂ ಹೀಗೇ ಇರಬಾರದೇ ಅನ್ನಿಸಿತು. ಮುಗಿದ ಮೇಲೆ ಹಾಳೆಗಳನ್ನು ಸುರುಳಿ ಸುತ್ತಿ, ಬಿಚ್ಚಿಯೂ ನೋಡದೆ ಗೋಡೆಗೆ ಅಂಟಿಸಲು ಆಫೀಸಿಗೆ ಕೊಟ್ಟು ಬಸ್ಸು ಹಿಡಿದೆ. ಮಣಿ ಸುಡುವುದು ಬಾಕಿ ಇತ್ತು.

ಪೇರೆಂಟ್ಸ್ ಬಂದ ದಿನ ನಾನು ಹೊಸ ಸೀರೆ ಉಟ್ಟು ಹೋದೆ. ಶಾಲೆಯ ಹಾಲ್‌ನ ಬಾಗಿಲಲ್ಲೇ ಕಾಲು ನಿಂತುಹೋಯಿತು. ಗೋಡೆಯ ಉದ್ದಕ್ಕೂ ನಾನೇ. ಎಡಗಡೆ ಬೆಂಚಿನವರು ಬರೆದ ನನಗೆ ಕಿವಿಯಲ್ಲಿ ನವಿಲಿನ ಓಲೆ. ಬಲಗಡೆ ಬೆಂಚಿನವರು ಬರೆದ ನನಗೆ ಚೌಕದ ಓಲೆ. ಮುಂದೆ ಕೂತವರು ಸೆರಗು ಬರೆದು, ಸೆರಗಿನೊಳಗಿನಿಂದ ಇಣುಕುವ ಡಬ್ಬಿ ಬರೆದು, ಬೆರಳಿನ ತುದಿಯಲ್ಲಿ ಸೂಜಿ, ಸೂಜಿಯಲ್ಲಿ ಮಣಿ, ಉಗುರಿನಲ್ಲಿ ಮಣ್ಣು, ಒಂದನ್ನೂ ಬಿಡದೆ ಕ್ರೇಯಾನಿನಲ್ಲಿ ತುಂಬಿದ್ದರು. ಗಣಿತದ ಮೇಷ್ಟ್ರು ಹೆಡ್ ಮೇಡಂ ಪಕ್ಕದಲ್ಲಿ ನಿಂತು, "ಮೇಡಂ, ಇಲ್ಲೂ ಡಬ್ಬಿ ಇದೆ. ಇಲ್ಲಿ ನೋಡಿ, ಇದರಲ್ಲಿ ಮುಚ್ಚಳ ಬೇರೆ ತೆಗೆದಿದೆ" ಎಂದು ಬಹಳ ಆಸಕ್ತಿಯಿಂದ ತೋರಿಸುತ್ತಿದ್ದರು. ಅವರು ಚಿತ್ರಕಲೆಯನ್ನು ಇಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಕೊನೆಯ ಚಿತ್ರದ ಮುಂದೆ ಮೇಡಂ ನಿಂತರು. ಅದು ಹಿಂದಿನ ಬೆಂಚಿನ ಪೂರ್ವಿಯದು. ಅಮ್ಮನ ಕೈ ಹಿಡಿದು ಅವಳೂ ಅಲ್ಲೇ ಇದ್ದಳು. ಚಿತ್ರದಲ್ಲಿ ಒಂದು ತುರುಬು, ಒಂದು ಬೆನ್ನು, ಒಂದು ಕಿವಿ. ಕಿವಿಯಲ್ಲಿ ಕಾಫಿ ಗಿಡದ ಪುಟ್ಟ ರೆಂಬೆ, ಒಂದು ಎಲೆಯ ಕೆಳಗೆ ಎರಡು ಕೆಂಪು ಹಣ್ಣು. ಮುಖ ಇರಲಿಲ್ಲ.

"ಯಾಕಮ್ಮ, ನಿಮ್ಮ ಮಿಸ್‌ಗೆ ಮುಖ ಇಲ್ವಾ?" ಎಂದು ಮೇಡಂ ಕೇಳಿದರು.

"ಇದೆ ಮೇಡಂ. ನಮ್ಮ ಬೆಂಚಿನ ಕಡೆ ತಿರುಗಲೇ ಇಲ್ಲ. ಕಂಡಿದ್ದನ್ನ ಬರೀರಿ ಅಂದಿದ್ರು" ಎಂದಳು ಪೂರ್ವಿ. ದೂರು ಹೇಳುವ ದನಿಯಲ್ಲ, ಹೇಳಿದ್ದನ್ನು ಸರಿಯಾಗಿ ಮಾಡಿದವಳ ದನಿ.

ಡಬ್ಬಿಗಳನ್ನು ಕಂಡಾಗ ನನಗೆ ಭಯವಾಗಿತ್ತು ಅಷ್ಟೆ. ಇದನ್ನು ಕೇಳಿ ನಾಚಿಕೆಯಾಯಿತು. ಆ ಮಗುವಿನ ಮುಖ ಹೇಗಿದೆಯೆಂದು ನಾನು ಸರಿಯಾಗಿ ನೋಡಿದ್ದೂ ಆ ಹೊತ್ತೇ. ಒಂದು ಹುಬ್ಬಿನ ಮೇಲೆ ಸಣ್ಣ ಗಾಯದ ಕಲೆ ಇತ್ತು. ಕಿವಿಯಲ್ಲಿ ಬೇವಿನ ಕಡ್ಡಿ ಇರುವುದು ಮಾತ್ರ ನನಗೆ ಮೊದಲೇ ಗೊತ್ತಿತ್ತು.

ಮೇಡಂ ಸಂಜೆ ಕರೆದರು. "ಮಕ್ಕಳಿಗೆ ನೋಡೋದು ಚೆನ್ನಾಗಿ ಕಲಿಸಿದ್ದೀರ, ಇಲ್ಲ ಅನ್ನಲ್ಲ. ಪೀರಿಯಡ್ ನಿಮಗೇ ಇರಲಿ. ಆದ್ರೆ ಆ ರೂಮಿನಿಂದ ಕುರ್ಚಿ ತೆಗೆಸ್ತೀನಿ" ಎಂದರು. ತೆಗೆಸಿಯೇಬಿಟ್ಟರು. ಈಗ ಪೀರಿಯಡ್ ಪೂರ್ತಿ ಬೆಂಚುಗಳ ನಡುವೆ ಓಡಾಡುತ್ತೇನೆ. ಕಾಲು ನೋಯುತ್ತದೆ. ಆದರೆ ಯಾರು ಎಡಗೈಯಲ್ಲಿ ಬರೆಯುತ್ತಾರೆ, ಯಾರು ಹಸಿರು ಕ್ರೇಯಾನನ್ನು ಕಚ್ಚುತ್ತಾರೆ ಎನ್ನುವುದೆಲ್ಲ ತಿಳಿಯಿತು. ಕುರ್ಚಿ ಗಣಿತದ ಮೇಷ್ಟ್ರ ಪಾಲಾಯಿತು. ಪೀರಿಯಡ್ ಸಿಗದಿದ್ದರೂ ಅವರು ಬರಿಗೈಯಲ್ಲಿ ಹೋಗಲಿಲ್ಲ.

ತಮಾಷೆ ಇರುವುದು ಆಮೇಲೆ. ಅವತ್ತು ಚಿತ್ರ ನೋಡಿದ ಅಮ್ಮಂದಿರಿಂದ ಫೋನ್ ಬರತೊಡಗಿತು. ನವಿಲೂ ಬೇಡ, ಚೌಕವೂ ಬೇಡ, ಎಲ್ಲರಿಗೂ ಬೇಕಾದದ್ದು ಆ ಕಾಫಿ ಹಣ್ಣಿನ ಓಲೆ. ಅಂಥದ್ದೊಂದನ್ನು ನಾನು ಜನ್ಮದಲ್ಲಿ ಮಾಡಿದವಳಲ್ಲ. ಪೂರ್ವಿಯನ್ನು ಕೇಳಿದರೆ, "ಅಷ್ಟು ದೂರಕ್ಕೆ ಓಲೆ ಸರಿಯಾಗಿ ಕಾಣ್ಲಿಲ್ಲ ಮಿಸ್. ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಂತ ನಾನೇ ಒಂದು ಮಾಡ್ಕೊಂಡೆ" ಎಂದಳು. ಮನೆಯಲ್ಲಿ ಮಾಡಿ ನೋಡಿದೆ. ನನ್ನ ಹಣ್ಣು ಗೋಲಿಯ ಹಾಗಾಯಿತು, ಎಲೆ ವೀಳ್ಯದೆಲೆಯಾಯಿತು. ಅತ್ತೆ ನೋಡಿ, "ಇದನ್ನ ಸಾರಿಗೆ ಹಾಕಕ್ಕೂ ಬರಲ್ಲ" ಎಂದರು. ನಾಚಿಕೆ ಬಿಟ್ಟು ಪೂರ್ವಿಯ ಹತ್ತಿರ ಹೋಗಿ, ನಿನ್ನ ಚಿತ್ರ ಎರಡು ದಿನ ಕೊಡುತ್ತೀಯಾ, ನೋಡಿ ಮಾಡುತ್ತೇನೆ ಎಂದೆ.

"ಕಾಪಿ ಹೊಡೀಬಾರ್ದು ಅಂತ ನೀವೇ ಹೇಳಿದ್ರಲ್ಲ ಮಿಸ್" ಎಂದಳು. ನಾನು ಪೆಚ್ಚಾದದ್ದು ಕಂಡು ಪಾಪ ಅನ್ನಿಸಿತೋ ಏನೋ, "ಬೇಕಾದ್ರೆ ಹೇಳ್ಕೊಡ್ತೀನಿ" ಎಂದೂ ಸೇರಿಸಿದಳು.

ಹಾಗಾಗಿ ಈಗ ಊಟದ ಬಿಡುವಿನಲ್ಲಿ ಮೇಡಂ ಒಪ್ಪಿಗೆ ಪಡೆದು, ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು, ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಪೂರ್ವಿ ಪಕ್ಕದಲ್ಲಿ ನಿಂತು, "ಎಲೆ ದಪ್ಪ ಆಯ್ತು ಮಿಸ್, ಮತ್ತೆ ಮಾಡಿ" ಎನ್ನುತ್ತಾಳೆ. ಮೊನ್ನೆ ಮೇಡಂ ಬಾಗಿಲಲ್ಲಿ ನಿಂತು, "ಎಲ್ಲಿ ನಿಮ್ಮ ಮಿಸ್?" ಎಂದು ಕೇಳಿದ್ದು ಕೇಳಿಸಿತು. "ಇಲ್ಲೇ ಇದ್ದಾರೆ ಮೇಡಂ, ಕಲೀತಿದ್ದಾರೆ" ಎಂದಳು ಪೂರ್ವಿ. ಆಗ ನಾನು ತಿರುಗಿ ಮುಖ ತೋರಿಸಬೇಕಿತ್ತು. ಎಲೆಯ ತುದಿ ಆಗಷ್ಟೇ ಸರಿಯಾಗಿ ಬರುತ್ತಿತ್ತು, ತಿರುಗಲಿಲ್ಲ.